ನ್ಯಾಸ್ಕಾರ್ ಅಂದ್ರೆ ಬರೀ ಎಡಕ್ಕೆ ತಿರುಗಿಸೋದಾ?

ಅಮೆರಿಕದ ಕಾರ್ ರೇಸ್ ಸರಣಿಯಾದ ನ್ಯಾಸ್ಕಾರ್‌ನಲ್ಲಿ ಮೊಟ್ಟೆಯಾಕಾರದ ಟ್ರ್ಯಾಕ್‌ನಲ್ಲಿ 200 ಸುತ್ತು ಬರೀ ಎಡಕ್ಕೆ ತಿರುಗಿಸುವುದನ್ನು ಜನ ಏನಂತ ಕೂತು ನೋಡುತ್ತಾರೆ ಎಂದು ಕೇಳಿದ್ದೀರಿ. ಫಾರ್ಮುಲಾ ವನ್ ನೋಡಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ನಾನು ಕೆಲವು ಕಾಲ ಕೆಲಸದ ಮೇಲೆ ಅಮೆರಿಕದ ಷಾರ್ಲೆಟ್‌ನಲ್ಲಿದ್ದೆ. ನ್ಯಾಸ್ಕಾರ್‌ನ ಹೆಚ್ಚಿನ ತಂಡಗಳ ವರ್ಕ್‌ಶಾಪ್ ಇರುವುದು ಆ ಊರಿನ ಸುತ್ತಮುತ್ತಲೇ. ಅಲ್ಲಿ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಫ್ಲೋರಿಡಾದ ಡೇಟೋನಾ 500 ರೇಸನ್ನೇ ತೆಗೆದುಕೊಳ್ಳಿ. ಅಲ್ಲಿ ಒಬ್ಬನೇ ಓಡಿಸಿ ಗೆಲ್ಲೋಕೆ ಆಗುವುದಿಲ್ಲ. ಎದುರಾಳಿಯೇ ನಿಮ್ಮನ್ನು ತಳ್ಳಬೇಕು. ಕೊನೆಗೆ ಅವನ ಕೈಯಿಂದಲೇ ತಪ್ಪಿಸಿಕೊಳ್ಳಬೇಕು. ಇಡೀ ಆಟ ಇರುವುದು ಇದರಲ್ಲೇ.

ಟ್ರ್ಯಾಕ್ ಒಂದು ಸುತ್ತಿಗೆ ಸುಮಾರು 4 ಕಿಲೋಮೀಟರ್. ತಿರುವುಗಳಲ್ಲಿ ರಸ್ತೆ 31 ಡಿಗ್ರಿ ಓರೆಯಾಗಿ ಗೋಡೆಯ ಹಾಗೆ ಮೇಲೇಳುತ್ತದೆ. ಟಿವಿಯಲ್ಲಿ ಇದು ಚಪ್ಪಟೆಯಾಗಿ ಕಾಣುತ್ತದೆ, ಅದೇ ಬೇಜಾರು. 1959ರಲ್ಲಿ ತೆರೆದ ಈ ಟ್ರ್ಯಾಕ್‌ಗೆ ಮಣ್ಣು ತೆಗೆದದ್ದು ನಡುವಿನ ಜಾಗದಿಂದ. ಹಾಗೆ ತೋಡಿದ ಹಳ್ಳವೇ ಈಗ ಲೇಕ್ ಲಾಯ್ಡ್ ಎಂಬ ಕೆರೆ.

ಇನ್ನು ಗಾಳಿಯ ವಿಷಯ. ಹೈವೇಯಲ್ಲಿ ಬೈಕ್ ಓಡಿಸುವಾಗ ದೊಡ್ಡ ಲಾರಿಯ ಹಿಂದೆ ಬಂದರೆ ಎದೆಗೆ ಹೊಡೆಯುವ ಗಾಳಿ ಕಮ್ಮಿಯಾಗುತ್ತದೆ ಅಲ್ವಾ? ಇಲ್ಲೂ ಹಾಗೇ. ಮುಂದಿನ ಕಾರು ಗಾಳಿ ಸೀಳಿದರೆ ಹಿಂದಿನದಕ್ಕೆ ಹಾದಿ ಸಲೀಸು. ಆದರೆ ಮುಂದಿನವನಿಗೂ ಲಾಭವಿದೆ. ಅವನ ಬಾಲಕ್ಕೆ ಇನ್ನೊಂದು ಕಾರು ಅಂಟಿಕೊಂಡರೆ ಹಿಂದಕ್ಕೆ ಎಳೆಯುವ ಗಾಳಿ ಕಡಿಮೆಯಾಗಿ ಇಬ್ಬರೂ ಜೋರಾಗುತ್ತಾರೆ. ಸಾಲು ಬಿಟ್ಟು ಒಂಟಿಯಾಗಿ ಹೊರಬಂದವನು ನೋಡನೋಡುತ್ತಲೇ ಹತ್ತು ಹದಿನೈದು ಸ್ಥಾನ ಕಳೆದುಕೊಳ್ಳುತ್ತಾನೆ.

1987ರಲ್ಲಿ ಟಲಾಡೆಗಾ ಎಂಬ ಇನ್ನೊಂದು ಟ್ರ್ಯಾಕ್‌ನಲ್ಲಿ ಬಾಬಿ ಆಲಿಸನ್ ಕಾರು ಹಾರಿ ಪ್ರೇಕ್ಷಕರ ಮುಂದಿನ ಬೇಲಿಗೆ ಬಡಿಯಿತು. ಮರುವರ್ಷದಿಂದ ಟಲಾಡೆಗಾ, ಡೇಟೋನಾ ಎರಡರಲ್ಲೂ ಎಂಜಿನ್‌ಗೆ ಹೋಗುವ ಗಾಳಿಗೇ ಕಡಿವಾಣ ಹಾಕಿದರು. ಎಲ್ಲರ ವೇಗವೂ ಹೆಚ್ಚುಕಮ್ಮಿ ಒಂದೇ ಆಯಿತು. ಅದಕ್ಕೇ 40 ಕಾರುಗಳು ಗಂಟೆಗೆ 300 ಕಿಲೋಮೀಟರ್ ಮೇಲೆ ಒತ್ತೊತ್ತಾಗಿ ಓಡುತ್ತವೆ.

ಹೆಲ್ಮೆಟ್, ಬೆಲ್ಟು, ತಲೆಯ ಸುತ್ತಿನ ಆಸರೆ, ಇಷ್ಟರ ನಡುವೆ ಡ್ರೈವರ್ ಪಕ್ಕಕ್ಕೆ ತಿರುಗಿ ನೋಡಲಾರ. ಪ್ರೇಕ್ಷಕರ ಸ್ಟ್ಯಾಂಡಿನ ಮೇಲೆ ನಿಂತು ರೇಡಿಯೋದಲ್ಲಿ ಸುತ್ತಮುತ್ತಲಿನ ಕಾರುಗಳ ಬಗ್ಗೆ ಹೇಳುವ ಸ್ಪಾಟರೇ ಅವನ ಕಣ್ಣು. ಟ್ರ್ಯಾಕ್‌ನಲ್ಲಿ ಬಾಡಿಗೆಗೆ ಸ್ಕ್ಯಾನರ್ ಎಂಬ ರೇಡಿಯೋ ಸಿಗುತ್ತದೆ, ಅದರಲ್ಲಿ ಇವರ ಮಾತು ಕೇಳಬಹುದು. 'ಹೊರಗೊಬ್ಬ ಇದ್ದಾನೆ, ಇನ್ನೂ ಇದ್ದಾನೆ, ಬಾಗಿಲ ಹತ್ತಿರ, ಬಂಪರ್ ಹತ್ತಿರ, ಕ್ಲಿಯರ್!' ಆ 'ಕ್ಲಿಯರ್' ಅರ್ಧ ಸೆಕೆಂಡ್ ಮೊದಲೇ ಬಂದರೂ ಇಪ್ಪತ್ತು ಕಾರು ನುಜ್ಜುಗುಜ್ಜು. ನಾನು ಮೊದಲ ಸಲ ಸ್ಕ್ಯಾನರ್ ಹಾಕಿಕೊಂಡಾಗ ಆ ದನಿಯಲ್ಲಿದ್ದ ಸಮಾಧಾನ ಕೇಳಿ ದಂಗಾದೆ.

2016ರ ಡೇಟೋನಾ 500ರ ಕೊನೆಯ ಸುತ್ತನ್ನು ಹುಡುಕಿ ನೋಡಿ. ಟೊಯೋಟಾ ಕಾರುಗಳು ಒಂದರ ಹಿಂದೆ ಒಂದು ಸಾಲಾಗಿ ಓಡುತ್ತಿದ್ದವು, ಎಲ್ಲಕ್ಕಿಂತ ಮುಂದೆ ಮ್ಯಾಟ್ ಕೆನ್ಸೆತ್. ಅವನ ತಂಡದವನೇ ಆದ ಡೆನ್ನಿ ಹ್ಯಾಮ್ಲಿನ್ ನಾಲ್ಕನೆಯವನು. ಹ್ಯಾಮ್ಲಿನ್ ಸಾಲು ಬಿಟ್ಟು ಹೊರಗಿನ ಲೇನ್‌ಗೆ ಬಂದ. ಹಿಂದಿನಿಂದ ಕೆವಿನ್ ಹಾರ್ವಿಕ್, ಅವನು ಬೇರೆ ತಂಡದವನು, ತಳ್ಳಿಕೊಂಡು ಬಂದ. ಕೆನ್ಸೆತ್ ಅಡ್ಡ ಹಾಕಲು ಹೋಗಿ ಹಿಡಿತ ತಪ್ಪಿದ. ಹ್ಯಾಮ್ಲಿನ್ ಒಳಗೆ ನುಸುಳಿ ಮಾರ್ಟಿನ್ ಟ್ರೂಎಕ್ಸ್ ಜೂನಿಯರ್‌ನನ್ನು 0.010 ಸೆಕೆಂಡ್‌ನಲ್ಲಿ ಹಿಂದಿಕ್ಕಿದ. 800 ಕಿಲೋಮೀಟರ್ ಓಡಿದ ಮೇಲೆ ಅಷ್ಟೇ ಅಂತರ! ಸಾಲು ಬಿಡದೇ ಇದ್ದಿದ್ದರೆ ನಾಲ್ಕನೆಯವನಾಗೇ ಉಳಿಯುತ್ತಿದ್ದನೇನೋ.

ಇದು ಸುಮ್ನೆ ಮೋಜಿನ ಆಟವೂ ಅಲ್ಲ. 2001ರಲ್ಲಿ ಇದೇ ರೇಸಿನ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಹೆಸರಾಂತ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಗುದ್ದಿ ತೀರಿಕೊಂಡರು. ಅವರಿಗಿಂತ ಮುಂದೆ ಇದ್ದ ಇಬ್ಬರೂ ಅವರೇ ಮಾಲೀಕರಾಗಿದ್ದ ತಂಡದ ಕಾರು ಓಡಿಸುತ್ತಿದ್ದರು, ಒಬ್ಬ ಅವರ ಮಗ. ಅದೇ ವರ್ಷ ತಲೆ, ಕತ್ತು ಕಾಯುವ ಹ್ಯಾನ್ಸ್‌ನಂಥ ಸಾಧನ ಕಡ್ಡಾಯವಾಯಿತು, ಆಮೇಲೆ ಪೆಟ್ಟು ಹೀರುವ ಗೋಡೆಗಳು ಬಂದವು. 2020ರಲ್ಲಿ ರಯಾನ್ ನ್ಯೂಮನ್ ಕಾರು ಕೊನೆಯ ಸುತ್ತಿನಲ್ಲಿ ಗಾಳಿಗೆ ಹಾರಿ ಮಗುಚಿ ಬಿತ್ತು. ಎರಡೇ ದಿನದಲ್ಲಿ ಅವರು ಮಕ್ಕಳ ಕೈ ಹಿಡಿದು ಆಸ್ಪತ್ರೆಯಿಂದ ನಡೆದು ಬಂದರು. ಆ ಫೋಟೋ ನೋಡಿ ನನಗೆ ಕಣ್ಣು ತುಂಬಿತ್ತು.

ರೇಸ್ ನಡೆಯುವುದು ಫೆಬ್ರವರಿಯ ಭಾನುವಾರ ಮಧ್ಯಾಹ್ನ, ನಮ್ಮಲ್ಲಿ ಆಗ ನಡುರಾತ್ರಿ ದಾಟಿ ಸೋಮವಾರ ಆಗಿರುತ್ತದೆ. ಪೂರ್ತಿ ನೋಡಲಾಗದಿದ್ದರೆ ಬೆಳಿಗ್ಗೆ ಕೊನೆಯ 20 ಸುತ್ತು ಹಾಕಿಕೊಳ್ಳಿ. ಮೊದಲಿಗನನ್ನು ಬಿಟ್ಟು ಮೂರನೆಯ, ನಾಲ್ಕನೆಯ ಕಾರಿನ ಮೇಲೆ ಕಣ್ಣಿಡಿ. ಸಾಲು ಯಾವಾಗ ಬಿಡಬೇಕು ಎಂದು ಲೆಕ್ಕ ಹಾಕುತ್ತಿರುವವರು ಅವರೇ.