ಹಳ್ಳಿಯ ಯುದ್ಧ ಸ್ಮಾರಕ

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಳಲ್ಲಿ ಇಷ್ಟೊಂದು ಯುದ್ಧ ಸ್ಮಾರಕಗಳಿರುವುದೇಕೆ? ಅವುಗಳ ಜೀರ್ಣೋದ್ಧಾರ ಹೇಗೆ ನಡೆಯಬೇಕು?

ಉತ್ತರ: ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ದೇಹಗಳನ್ನು ತಾಯ್ನಾಡಿಗೆ ತರುವುದನ್ನು ಬ್ರಿಟನ್ 1915ರಲ್ಲೇ ನಿಷೇಧಿಸಿತ್ತು, ಹಾಗಾಗಿ ಸಮಾಧಿಯ ಮುಂದೆ ನಿಂತು ಅಳುವ ಅವಕಾಶವೂ ಇಲ್ಲದ ಕುಟುಂಬಗಳಿಗೆ, ಊರವರೇ ಚಂದಾ ಎತ್ತಿ ನಿಲ್ಲಿಸಿದ ಕಲ್ಲಿನ ಶಿಲುಬೆಯೇ ಸಮಾಧಿಯ ಸ್ಥಾನದಲ್ಲಿ ನಿಂತಿತು. 1945ರ ನಂತರ ಅನೇಕ ಕಡೆ ಅದೇ ಪೀಠಕ್ಕೆ ಎರಡನೆಯ ಯುದ್ಧದ ಹೆಸರುಗಳೂ ಸೇರಿದವು.

ದುರಸ್ತಿಯಲ್ಲಿ ಅತ್ಯುತ್ಸಾಹವೇ ದೊಡ್ಡ ಅಪಾಯವೆಂದು ನನ್ನ ಅಭಿಪ್ರಾಯ. ಮರಳು ಸಿಡಿಸಿ ಅಥವಾ ಆಮ್ಲ ಹಚ್ಚಿ ತೊಳೆದರೆ ಸುಣ್ಣಕಲ್ಲಿನ ಮೇಲ್ಪದರದೊಂದಿಗೆ ಅಕ್ಷರಗಳ ಅಂಚೂ ಸವೆದುಹೋಗುತ್ತದೆ. ಸಂದುಗಳಿಗೆ ಗಟ್ಟಿ ಸಿಮೆಂಟ್ ತುಂಬಿದರೆ ತೇವವು ಹೊರಬರಲಾಗದೆ ಕಲ್ಲಿನೊಳಗೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಚಕ್ಕೆ ಎಬ್ಬಿಸುತ್ತದೆ. ಅಲ್ಲಿಗೆ ಸುಣ್ಣದ ಗಾರೆಯೇ ಸರಿ. ಹೆಸರುಗಳನ್ನು ಓದಲು ಸಾಧ್ಯವಿರುವವರೆಗೆ ಮರುಕೆತ್ತನೆಗೆ ಕೈಹಾಕಬಾರದು.