ಟೈ-ಇನ್ ಪಟ್ಟಿ ಇಲ್ಲದೆ ಸ್ಕ್ಯಾನರ್ ಕರೆಸಬೇಡಿ

ಕಿರಣ್ ಅವರೇ, ನಿಮ್ಮ ಪೋಸ್ಟ್ ಓದಿದೆ. ಹಳೆ ಆಫೀಸ್ ಕಟ್ಟಡ, ಬೇಸ್‌ಮೆಂಟ್‌ನಲ್ಲಿ ಆರ್-22 ಗ್ಯಾಸಿನ ಚಿಲ್ಲರ್‌ಗಳು (ಎಸಿಗೆ ನೀರು ತಣಿಸುವ ಯಂತ್ರಗಳು), ಅವನ್ನು ತೆಗೆದು ಹೊಸದು ಕೂರಿಸಬೇಕು, ಟೆರೇಸ್‌ನ ಕೂಲಿಂಗ್ ಟವರ್‌ವರೆಗೆ ರೈಸರ್ (ಮೇಲಕ್ಕೇರುವ ಪೈಪ್) ಕೂಡ ಬದಲಾಗಬೇಕು. ಇರುವ ಪೈಪ್, ಡಕ್ಟ್ ಅಳೆಯಲು ಶನಿವಾರ ಲೇಸರ್ ಸ್ಕ್ಯಾನ್‌ನವರು ಬರುತ್ತಾರೆ, "ಒಂದೇ ದಿನದಲ್ಲಿ ಇಡೀ ಕಟ್ಟಡ, ಎಲ್ಒಡಿ 400 (ತುಂಬ ವಿವರದ) ಮಾಡೆಲ್, ಫಾಲ್ಸ್ ಸೀಲಿಂಗ್ ಆಮೇಲೆ ನೋಡೋಣ" ಅಂತ ಬರೆದಿದ್ದೀರಿ. ಆಮೇಲೆ ಪಾಯಿಂಟ್ ಕ್ಲೌಡನ್ನು (ಸ್ಕ್ಯಾನ್‌ನಲ್ಲಿ ಸಿಗುವ ಲೆಕ್ಕವಿಲ್ಲದಷ್ಟು ಬಿಂದುಗಳ 3ಡಿ ಚಿತ್ರ) ತಾನೇ ರೆವಿಟ್ (ಕಟ್ಟಡದ 3ಡಿ ಡ್ರಾಯಿಂಗ್ ಸಾಫ್ಟ್‌ವೇರ್) ಮಾಡೆಲ್‌ಗೆ ಬದಲಿಸುವ ಸಾಫ್ಟ್‌ವೇರ್ ಯಾವುದು ಅಂತ ಕೇಳಿದ್ದೀರಿ. ನಾವೂ ಹೀಗೇ ಮಾಡಿ ಕೈ ಸುಟ್ಟುಕೊಂಡವರು. ದಯವಿಟ್ಟು ಶನಿವಾರದ ಬುಕಿಂಗ್ ಮುಂದಕ್ಕೆ ಹಾಕಿ. ಮೊದಲು ಟೈ-ಇನ್ ಪಟ್ಟಿ, ಅಂದರೆ ಹಳೆ ಪೈಪಿಗೆ ಹೊಸದು ಸೇರುವ ಜಾಗಗಳ ಪಟ್ಟಿ, ಆಗಲಿ.

ಸೀಲಿಂಗ್ ವಿಷಯ ಬೇಗ ಮುಗಿಸುತ್ತೇನೆ. ಲೇಸರ್‌ಗೆ ಎದುರಿಗೆ ಕಂಡದ್ದಷ್ಟೇ ಸಿಗುತ್ತದೆ. ಟೈಲ್ ಹಾಗೇ ಇದ್ದರೆ ಜಿಪ್ಸಮ್ ಟೈಲ್‌ನ ಸೊಗಸಾದ ಕ್ಲೌಡ್ ಬರುತ್ತದೆ, ಡಕ್ಟ್ ಬರಲ್ಲ. ಕಾರಿಡಾರ್‌ನಲ್ಲಿ ನಾಲ್ಕೈದು ಮೀಟರ್‌ಗೆ ಒಂದರಂತೆ 600 x 600 ಟೈಲ್ ತೆಗೆಸಿ. ಟ್ರೈಪಾಡ್ ಎತ್ತರಿಸಿ ಸ್ಕ್ಯಾನರ್ ತಲೆ ಸೀಲಿಂಗ್ ಗ್ರಿಡ್ಡಿನ ಮೇಲೆ ಬರುವಂತೆ ಒಂದು ಸೆಟಪ್ (ಒಂದೆಡೆ ನಿಲ್ಲಿಸಿ ತೆಗೆದ ಸ್ಕ್ಯಾನ್), ಅದೇ ಕಿಂಡಿಯ ಕೆಳಗೆ ಇನ್ನೊಂದು. ಕೆಳಗಿನದು ಇಲ್ಲದಿದ್ದರೆ ಮೇಲಿನದು ಯಾವ ಕೋಣೆಯದು ಅಂತ ಹೊಂದಿಸೋಕೆ ಪರದಾಡಬೇಕಾಗುತ್ತದೆ. ಟೈಲ್ ತೆಗೆದ ತಕ್ಷಣ ಶುರು ಮಾಡಬೇಡಿ, ಧೂಳು ಕೂರಲಿ. ಬೋರ್ಡ್ ಸೀಲಿಂಗ್ ಆದರೆ ಟ್ರ್ಯಾಪ್ ಡೋರ್ ಬಿಟ್ಟು ದಾರಿ ಇಲ್ಲ. ಅಲ್ಲಿ ಕತ್ತರಿಸಲು ಮಾಲೀಕರ ಒಪ್ಪಿಗೆ ಈಗಲೇ ಬರಹದಲ್ಲಿ ಪಡೆಯಿರಿ.

ಈಗ ಮುಖ್ಯ ವಿಷಯ. ಸ್ಕ್ಯಾನರ್ ಬರುವ ಮೊದಲು ಸ್ಕಿಮ್ಯಾಟಿಕ್ (ಪೈಪ್ ಜಾಲದ ರೇಖಾಚಿತ್ರ) ಹಿಡಿದು, ಪೇಂಟ್ ಮಾರ್ಕರ್ ತೆಗೆದುಕೊಂಡು ಪ್ಲಾಂಟ್ ರೂಮ್ ಸುತ್ತಿ. ಹಳೆ ಪೈಪ್ ಎಲ್ಲಿ ಉಳಿಯುತ್ತದೆ, ಹೊಸದು ಎಲ್ಲಿ ಬಂದು ಸೇರುತ್ತದೆ, ಆ ಪ್ರತಿ ಜಾಗಕ್ಕೂ ಒಂದು ನಂಬರ್ ಬರೆಯಿರಿ. ಟಿ1, ಟಿ2, ಹೀಗೆ. ಸ್ಕ್ಯಾನ್‌ಗೆ ಕೊಡುವ ದುಡ್ಡಿನ ಬಹುಪಾಲು ಈ ಬಿಂದುಗಳಿಗಾಗಿ ಅಂತಲೇ ತಿಳಿಯಿರಿ. ಪ್ರತಿ ಟೈ-ಇನ್ ಕಡೆ ಇನ್ಸುಲೇಷನ್ ಒಂದಡಿ ಅಗಲ ಬಿಚ್ಚಿ, ಬರಿ ಕಬ್ಬಿಣ ಕಾಣುವಂತೆ ಒಂದು ಕಿಟಕಿ ಮಾಡಿ. ಅದರ ಪಕ್ಕದಲ್ಲಿ ಎ4 ಹಾಳೆಯ ಕಪ್ಪು-ಬಿಳುಪು ಟಾರ್ಗೆಟ್ (ಸ್ಕ್ಯಾನ್‌ನಲ್ಲಿ ಗುರುತು ಹಿಡಿಯುವ ಚಿಹ್ನೆ) ಒಂದು ಅಂಟಿಸಿ.

ಈ ಕಿಟಕಿ ಯಾಕೆ ಅಂದರೆ, ನಮ್ಮ ಒಂದು ಕೆಲಸದಲ್ಲಿ 250 ಎನ್‌ಬಿ (ಮಿಮೀ ಲೆಕ್ಕದ ಪೈಪ್ ಸೈಜ್ ಹೆಸರು) ಚಿಲ್ಡ್ ವಾಟರ್ ಹೆಡರ್, ಅಂದರೆ ಮುಖ್ಯ ಪೈಪ್, ಇತ್ತು. ಮೇಲೆ ಪಿಯುಎಫ್ ಫೋಮ್ ಇನ್ಸುಲೇಷನ್, ಅದರ ಮೇಲೆ ಅಲ್ಯೂಮಿನಿಯಂ ಕ್ಲಾಡಿಂಗ್, ಅಂದರೆ ತಗಡಿನ ಜಾಕೆಟ್. ಮಾಡೆಲ್ ಮಾಡಿದವರು ಕ್ಲಾಡಿಂಗ್‌ಗೆ ಸಿಲಿಂಡರ್ ಹೊಂದಿಸಿ, ಅದರ ಸೆಂಟರ್ ಲೈನನ್ನೇ ಪೈಪಿನ ಸೆಂಟರ್ ಲೈನ್ ಅಂತ ಹಿಡಿದರು. ನಾನೂ ಡ್ರಾಯಿಂಗ್ ಪಾಸ್ ಮಾಡಿದೆ. ಆದರೆ ಹಳೆ ಇನ್ಸುಲೇಷನ್ ನೀರು ಕುಡಿದು ಸಡಿಲ ಆಗಿತ್ತು. ಕ್ಲಾಡಿಂಗ್ ಪೈಪಿನ ನೆತ್ತಿಗೆ ಅಂಟಿಕೊಂಡು ಕೆಳಗೆ ಜೋತುಬಿದ್ದಿತ್ತು. ಅಂದರೆ ನಿಜವಾದ ಪೈಪ್ ಮಾಡೆಲ್‌ಗಿಂತ ಮೇಲೆ ಇತ್ತು. ಸ್ಕ್ಯಾನ್ ತಪ್ಪಿರಲಿಲ್ಲ, ಜಾಕೆಟ್ ಇದ್ದ ಜಾಗವನ್ನು ಸರಿಯಾಗಿಯೇ ಹೇಳಿತ್ತು.

ಸ್ಪೂಲ್, ಅಂದರೆ ಮೊದಲೇ ವೆಲ್ಡ್ ಮಾಡಿದ ಪೈಪ್ ತುಂಡು, ವರ್ಕ್‌ಶಾಪಿನಲ್ಲಿ ತಯಾರಾಗಿ ಬಂತು. ಭಾನುವಾರ ರಾತ್ರಿ ಶಟ್‌ಡೌನ್. ಚೈನ್ ಬ್ಲಾಕ್‌ನಲ್ಲಿ ಎತ್ತಿ ಹಿಡಿದರೆ ಬೋಲ್ಟ್ ಹೋಗುತ್ತಿಲ್ಲ. ಎತ್ತರವೂ ತಪ್ಪು, ಫ್ಲ್ಯಾಂಜ್ (ಪೈಪ್ ತುದಿಯ ಬೋಲ್ಟ್ ಹಾಕುವ ಬಿಲ್ಲೆ) ಮುಖವೂ ವಾಲಿದೆ. 250ರ ಫ್ಲ್ಯಾಂಜ್ ಒಂದೇ ಡಿಗ್ರಿ ವಾಲಿದರೂ ಒಂದು ಅಂಚಿನಲ್ಲಿ ಸುಮಾರು 7 ಮಿಮೀ ಸಂದಿ ಬೀಳುತ್ತದೆ, ಗ್ಯಾಸ್ಕೆಟ್ ಅದನ್ನು ಮುಚ್ಚಲ್ಲ. ಬೋಲ್ಟ್ ಎಳೆದು ಕೂರಿಸೋಣ ಅಂತ ಫಿಟರ್ ಅಂದ. ಹಾಗೆ ಎಳೆದರೆ ಒತ್ತಡ ಪಂಪ್ ನಾಝಲ್‌ಗೆ ಹೋಗಿ ಅಲೈನ್‌ಮೆಂಟ್ ಹಾಳಾಗುತ್ತದೆ. ಕೊನೆಗೆ ಕೇಬಲ್ ಟ್ರೇ ಪಕ್ಕದಲ್ಲೇ ಫೈರ್ ಬ್ಲಾಂಕೆಟ್ ಹೊದಿಸಿ, ಮಧ್ಯರಾತ್ರಿ ಹಾಟ್ ವರ್ಕ್ ಪರ್ಮಿಟ್ ಬರೆಸಿ, ಹೊಸ ಸ್ಪೂಲ್ ಕತ್ತರಿಸಿ ಮತ್ತೆ ವೆಲ್ಡ್ ಮಾಡಬೇಕಾಯಿತು. ಬೆಳಿಗ್ಗೆ ಬಂದವರಿಗೆ ಎಸಿ ಇರಲಿಲ್ಲ. ಬೈಗುಳ ತಿಂದದ್ದು ನಾವು, ಮಾಡೆಲ್ ಮಾಡಿದವರಲ್ಲ.

ಕಿಟಕಿಯನ್ನು ಪ್ಲಾಂಟ್ ನಿಂತು ಪೈಪ್ ಕೋಣೆಯ ಶಾಖಕ್ಕೆ ಬಂದ ಮೇಲೆ ಮಾಡಿ. 7 ಡಿಗ್ರಿ ನೀರು ಹರಿಯುವಾಗ ಬಿಚ್ಚಿದರೆ ಪೈಪ್ ಬೆವರುತ್ತದೆ. ಒದ್ದೆ ಮೈಮೇಲೆ ಲೇಸರ್ ಸರಿಯಾಗಿ ಓದಲ್ಲ, ಪಕ್ಕದ ಇನ್ಸುಲೇಷನ್ನೂ ನೆನೆಯುತ್ತದೆ. ಕೆಲಸ ಆದ ಮೇಲೆ ನೈಟ್ರೈಲ್ (ರಬ್ಬರ್ ಇನ್ಸುಲೇಷನ್) ಶೀಟ್, ಟೇಪ್ ಹಾಕಿ ತೇವ ತಡೆಯುವ ವೇಪರ್ ಸೀಲ್ ಮುಚ್ಚಿಸಿ. ಇದನ್ನ ಮರೆತರೆ ಮೆಂಟೆನೆನ್ಸ್‌ನವರು ಮುಂದಿನ ಸಲ ಗೇಟೇ ತೆಗೆಯಲ್ಲ.

ಕಿಟಕಿ ಇದೆ ಅಂತ ಕೈ ಅಳತೆ ಬಿಡಬೇಡಿ. ಫ್ಲ್ಯಾಂಜ್ ಪಿಸಿಡಿ (ಬೋಲ್ಟ್ ತೂತುಗಳ ವೃತ್ತದ ವ್ಯಾಸ) ಸ್ಕ್ಯಾನ್‌ನಿಂದ ನಂಬಲೇಬೇಡಿ. 250ಕ್ಕೆ ಯುರೋಪಿನ ಪಿಎನ್16 ಸ್ಟ್ಯಾಂಡರ್ಡ್ ಆದರೆ ಪಿಸಿಡಿ 355 ಮಿಮೀ, ಅಮೆರಿಕದ ಕ್ಲಾಸ್ 150 ಆದರೆ 362. ಎರಡಕ್ಕೂ 12 ತೂತು. ಕ್ಲೌಡ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಟೇಪ್ ಹಿಡಿದು ಅಳೆಯಿರಿ, ಫೋಟೊ ತೆಗೆದು ಟೈ-ಇನ್ ನಂಬರ್ ಜೊತೆ ಇಡಿ.

ಪೈಪ್ ಸೈಜ್‌ನಲ್ಲೂ ಇದೇ ತಲೆನೋವು. ರೆವಿಟ್ ಟೆಂಪ್ಲೇಟ್ ಅಮೆರಿಕದ್ದಾಗಿದ್ದರೆ 150 ಎನ್‌ಬಿಗೆ ಹೊರ ವ್ಯಾಸ 168.3 ಮಿಮೀ ಹಿಡಿಯುತ್ತದೆ. ನಮ್ಮ ಐಎಸ್ 1239 (ಭಾರತೀಯ ಸ್ಟ್ಯಾಂಡರ್ಡ್) ಪೈಪ್ ಹೊರ ವ್ಯಾಸ 165.1. 125ಕ್ಕೆ ನಮ್ಮದು 139.7, ಅವರದು 141.3. 65ಕ್ಕೆ ನಮ್ಮದು 76.1, ಅವರದು 73.0. 100ಕ್ಕೆ ಎರಡರಲ್ಲೂ 114.3. ಮೂರು ಮಿಮೀಗೆ ಇಷ್ಟು ಗಲಾಟೆ ಯಾಕೆ ಅಂತೀರಾ? ಗ್ರೂವ್ಡ್ ಕಪ್ಲಿಂಗ್ (ಪೈಪ್ ತುದಿಗಳನ್ನು ಹೊರಗಿನಿಂದ ಹಿಡಿಯುವ ಕ್ಲ್ಯಾಂಪ್) ಹಾಕುವವರು 165.1ಕ್ಕೆ ಬೇರೆ, 168.3ಕ್ಕೆ ಬೇರೆ ತರಿಸಬೇಕು. ಮಾಡೆಲ್‌ನಿಂದ ಬಿಒಕ್ಯು (ಸಾಮಾನಿನ ಪಟ್ಟಿ) ತೆಗೆದು ಆರ್ಡರ್ ಹಾಕಿದರೆ ಪೆಟ್ಟಿಗೆಗಟ್ಟಲೆ ತಪ್ಪು ಸಾಮಾನು ಬಂದು ಬೀಳುತ್ತದೆ. ಟೆಂಪ್ಲೇಟ್‌ನ ಪೈಪ್ ಟೇಬಲ್ ಮೊದಲು ಸರಿಮಾಡಿ.

ಎಲ್ಒಡಿ 400 ಅಂತ ಪರ್ಚೇಸ್ ಆರ್ಡರ್‌ನಲ್ಲಿ ಬರೆದಿದ್ದೀರಿ, ಅದು ಬೇಡ. ಎಲ್ಒಡಿ ಅಂದರೆ ಮಾಡೆಲ್‌ನಲ್ಲಿ ಎಷ್ಟು ವಿವರ ಇದೆ ಅಂತ. ನಿಜಕ್ಕೆ ಎಷ್ಟು ಹತ್ತಿರ ಇದೆ ಅಂತ ಅದು ಹೇಳಲ್ಲ. ಅದಕ್ಕೆ ಅಮೆರಿಕದ ಯುಎಸ್‌ಐಬಿಡಿ ಸಂಸ್ಥೆಯ ಎಲ್ಒಎ (ನಿಖರತೆಯ ಮಟ್ಟ) ಇದೆ. ಎಲ್ಒಎ20 ಅಂದರೆ 15ರಿಂದ 50 ಮಿಮೀ, ಎಲ್ಒಎ30 ಅಂದರೆ 5ರಿಂದ 15, ಎಲ್ಒಎ40 ಅಂದರೆ 1ರಿಂದ 5. ಕಾರಿಡಾರ್ ಡಕ್ಟ್‌ಗೆ 20 ಸಾಕು. ಪ್ಲಾಂಟ್ ರೂಮ್‌ಗೆ 30. ಟೈ-ಇನ್‌ಗಳಿಗೆ ಮಾತ್ರ 40. ಮಿಕ್ಕಿದ್ದನ್ನೆಲ್ಲ ಮಾಡೆಲ್ ಮಾಡಿಸಬೇಡಿ. ಹೊಸ ರೂಟ್ ಹಾದುಹೋಗದ ಕಡೆಯ ಸ್ಪ್ರಿಂಕ್ಲರ್ ಪೈಪನ್ನು ಯಾಕೆ ಮಾಡೆಲ್ ಮಾಡಬೇಕು, ದುಡ್ಡು ದಂಡ ಅಲ್ವಾ? ಕ್ಲೌಡ್ ಹಾಗೇ ಇರಲಿ. ನ್ಯಾವಿಸ್‌ವರ್ಕ್ಸ್ ಸಾಫ್ಟ್‌ವೇರ್‌ನಲ್ಲಿ ಹೊಸ ಮಾಡೆಲನ್ನು ನೇರ ಕ್ಲೌಡ್ ಜೊತೆಗೇ ಕ್ಲ್ಯಾಶ್ (ಎಲ್ಲಿ ಡಿಕ್ಕಿ ಹೊಡೆಯುತ್ತದೆ ಅನ್ನೋ ಪರೀಕ್ಷೆ) ಓಡಿಸಬಹುದು.

ತಾನೇ ಬದಲಿಸುವ ಸಾಫ್ಟ್‌ವೇರ್ ಬಗ್ಗೆ: ಎಡ್ಜ್‌ವೈಸ್ ನೇರ ಪೈಪ್‌ಗಳನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಹಿಡಿಯುವುದೂ ಜಾಕೆಟನ್ನೇ, ಮೇಲಿನ ಕಥೆ ಮತ್ತೆ ಓದಿ. ಚೆಕ್ ಮಾಡೋಕೆ ಕ್ಲೌಡ್‌ಕಂಪೇರ್ ಇದೆ, ಉಚಿತ. ಮಾಡೆಲ್‌ಗೂ ಕ್ಲೌಡ್‌ಗೂ ದೂರ ಎಷ್ಟು ಅಂತ ಬಣ್ಣದಲ್ಲಿ ತೋರಿಸುತ್ತದೆ. ಬಿಲ್ ಪಾಸ್ ಮಾಡುವ ಮೊದಲು ಇದನ್ನ ಓಡಿಸಿ.

ನಿಮ್ಮ ಪೋಸ್ಟ್‌ಗೆ ಉತ್ತರಿಸಿದ ಒಬ್ಬರು ಐಫೋನ್ ಲೈಡಾರ್ (ಫೋನಿನೊಳಗಿನ ಲೇಸರ್ ಸ್ಕ್ಯಾನರ್) ಸಾಕು ಅಂದಿದ್ದಾರೆ. ಅದರ ರೇಂಜ್ ಸುಮಾರು 5 ಮೀಟರ್. ಬಾತ್‌ರೂಮ್ ಟೈಲ್ಸ್ ಲೆಕ್ಕಕ್ಕೆ ಸರಿ. ಮ್ಯಾಟರ್‌ಪೋರ್ಟ್ ಪ್ರೊ3 ಕ್ಯಾಮೆರಾ ಕೂಡ 10 ಮೀಟರ್‌ಗೆ 20 ಮಿಮೀ ತಪ್ಪಬಹುದು ಅಂತ ಕಂಪನಿಯವರೇ ಹೇಳುತ್ತಾರೆ. ಮೀಟಿಂಗ್‌ನಲ್ಲಿ ಸೈಟ್ ಸುತ್ತಿಸಿ ತೋರಿಸೋಕೆ ಬಹಳ ಚೆಂದ, ಪೈಪ್ ಕತ್ತರಿಸೋಕೆ ಅಲ್ಲ. ಲೈಕಾ ಆರ್‌ಟಿಸಿ360 ಅದೇ 10 ಮೀಟರ್‌ಗೆ 1.9 ಮಿಮೀ, ಹಳೆ ಬಿಎಲ್‌ಕೆ360 6 ಮಿಮೀ. ನನ್ನ ಆಯ್ಕೆ ಪ್ಲಾಂಟ್ ರೂಮ್‌ಗೆ ಆರ್‌ಟಿಸಿ ಅಥವಾ ಟ್ರಿಂಬಲ್ ಎಕ್ಸ್7, ಸೀಲಿಂಗ್ ಒಳಗೆ ಹಗುರವಾದ ಬಿಎಲ್‌ಕೆ. ಹೊತ್ತು ನಡೆಯುವ ಸ್ಕ್ಯಾನರ್‌ಗಳು ಬೇಗ ಮುಗಿಸುತ್ತವೆ, ಫ್ಲೋರ್ ಲೇಔಟ್‌ಗೆ ಬಳಸಿ, ಸ್ಪೂಲ್‌ಗೆ ಬೇಡ. ಮೆಷಿನ್ ಹೆಸರು ಕೇಳಿ ಮರುಳಾಗಬೇಡಿ ಮತ್ತೆ. 1.9 ಅನ್ನೋದು ಒಂದು ಸೆಟಪ್‌ನ ಲೆಕ್ಕ. ಸೆಟಪ್‌ಗಳನ್ನು ಒಂದಕ್ಕೊಂದು ಹೊಲಿಯುವಾಗ ತಪ್ಪು ಬೆಳೆಯುತ್ತದೆ.

ನಿಮ್ಮ ಕಟ್ಟಡದಲ್ಲಿ ಅದು ಬೆಳೆಯುವ ಜಾಗ ಮೆಟ್ಟಿಲು. ಬೇಸ್‌ಮೆಂಟ್‌ನಿಂದ ಟೆರೇಸ್‌ವರೆಗೆ ಸ್ಕ್ಯಾನ್‌ಗಳು ಮೆಟ್ಟಿಲಲ್ಲೇ ಒಂದರ ಮೇಲೊಂದು ಹತ್ತಬೇಕು. ಪ್ರತಿ ಲ್ಯಾಂಡಿಂಗ್‌ನಲ್ಲಿ ಚೂರು ಚೂರು ತಪ್ಪು ಸೇರಿ ಮೇಲೆ ಹೋಗುವಷ್ಟರಲ್ಲಿ ರೈಸರ್ ವಾಲಿದಂತೆ ಕಾಣುತ್ತದೆ. ಎರಡೂ ಕಡೆ ಮೆಟ್ಟಿಲಿದ್ದರೆ ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದು ಲೂಪ್ ಮುಚ್ಚಿ. ಅದಕ್ಕಿಂತ ಒಳ್ಳೆಯದು, ಟೋಟಲ್ ಸ್ಟೇಷನ್‌ನಿಂದ (ಸರ್ವೆ ಉಪಕರಣ) ಪ್ರತಿ ಮಹಡಿಗೆ ಕಂಟ್ರೋಲ್ ಪಾಯಿಂಟ್ (ಪಕ್ಕಾ ಅಳತೆಯ ಗುರುತು) ಹಾಕಿಸಿ. ಟಾರ್ಗೆಟ್‌ಗಳನ್ನು ಕಾಲಂಗೆ ಅಂಟಿಸಿ, ಕಟ್ಟಡದ ಗ್ರಿಡ್ (ಡ್ರಾಯಿಂಗ್‌ನ ಕಾಲಂ ಸಾಲಿನ ಗೆರೆ) ಗುರುತಿಗೆ ಹೊಂದಿಸಿ, ಕಾಮಗಾರಿ ಮುಗಿಯುವವರೆಗೆ ಯಾರೂ ಕೀಳದಂತೆ ಬರೆದಿಡಿ. ಹಳೆ ಚಿಲ್ಲರ್ ತೆಗೆದ ಮೇಲೆ ಇನ್ನೊಂದು ಸ್ಕ್ಯಾನ್ ಬೇಕೇ ಬೇಕು. ಮೆಷಿನ್ ಹಿಂದೆ ಏನಿತ್ತು ಅಂತ ಆಗಲೇ ಕಾಣೋದು. ಅದೇ ಟಾರ್ಗೆಟ್ ಇದ್ದರೆ ಎರಡೂ ಸ್ಕ್ಯಾನ್ ಒಂದೇ ಕೋಆರ್ಡಿನೇಟ್‌ನಲ್ಲಿ ಕೂರುತ್ತವೆ.

ರಿಜಿಸ್ಟ್ರೇಷನ್ ರಿಪೋರ್ಟ್ (ಸೆಟಪ್‌ಗಳನ್ನು ಹೊಲಿದ ಲೆಕ್ಕ) ಕೇಳಿ. ಅದರಲ್ಲಿ ಸರಾಸರಿ ತಪ್ಪು ನೋಡಿ ಖುಷಿ ಪಡಬೇಡಿ, ಅತಿ ಹೆಚ್ಚಿನದು ಯಾವ ಎರಡು ಸೆಟಪ್ ನಡುವೆ ಇದೆ ನೋಡಿ. ಕ್ಲೌಡನ್ನು ಇ57 ಮತ್ತು ಆರ್‌ಸಿಪಿ ಎರಡೂ ಫೈಲ್ ರೂಪದಲ್ಲಿ ತೆಗೆದುಕೊಳ್ಳಿ. ಬರೀ ವೆಬ್ ಲಿಂಕ್ ಕೊಟ್ಟರೆ ಒಪ್ಪಬೇಡಿ, ಅವರ ಚಂದಾ ಮುಗಿದ ದಿನ ನಿಮ್ಮ ಡೇಟಾ ಮಾಯ. ಜಿಪಿಎಸ್ ಕೋಆರ್ಡಿನೇಟ್‌ನಲ್ಲಿ ಕೊಟ್ಟರೂ ಬೇಡ ಅನ್ನಿ. ಒರಿಜಿನ್‌ನಿಂದ (ಸೊನ್ನೆ ಬಿಂದು) ದೂರ ಹೋದಷ್ಟೂ ರೆವಿಟ್ ತಕರಾರು ಮಾಡುತ್ತದೆ. ಕಟ್ಟಡದ ಗ್ರಿಡ್ ಮೂಲೆಯೇ ಸೊನ್ನೆ ಆಗಿರಲಿ.

ಸಣ್ಣ ವಿಷಯಗಳು ಇನ್ನೂ ಇವೆ. ಹೊಳೆಯುವ ಕ್ಲಾಡಿಂಗ್ ಕಿರಣವನ್ನು ಬೇರೆ ಕಡೆ ಎಸೆಯುತ್ತದೆ, ಕ್ಲೌಡ್‌ನಲ್ಲಿ ಇಲ್ಲದ ಪೈಪ್ ಹುಟ್ಟುತ್ತದೆ. ಅಲ್ಲಲ್ಲಿ ಪೈಪ್ ಸುತ್ತ ಮಾಸ್ಕಿಂಗ್ ಟೇಪ್ ಪಟ್ಟಿ ಸುತ್ತಿ, ಸಾಕು. ಕಪ್ಪು ನೈಟ್ರೈಲ್ ಇರುವ ಕಡೆ ಸ್ಕ್ಯಾನರ್ ಹತ್ತಿರ ಇಡಿ. ಚಿಲ್ಲರ್ ಓಡುವಾಗ ನೆಲ ನಡುಗುತ್ತದೆ, ಟ್ರೈಪಾಡ್ ಕೂಡ. ಇದಕ್ಕೂ ರಾತ್ರಿ ಶಟ್‌ಡೌನೇ ಒಳ್ಳೆಯದು.

ಸ್ಕ್ಯಾನ್ ಎಷ್ಟೇ ಚೆನ್ನಾಗಿರಲಿ, ಪೈಪಿನ ಒಳಗೆ ತುಕ್ಕು ಎಷ್ಟು ತಿಂದಿದೆ ಅಂತ ಹೇಳಲ್ಲ. ಕಿಟಕಿ ಹೇಗೂ ತೆರೆದಿದೆ, ಅಲ್ಲೇ ಅಲ್ಟ್ರಾಸಾನಿಕ್ ಗೇಜ್‌ನಿಂದ ದಪ್ಪ ನೋಡಿಸಿ. ಪೈಪ್ ಸವೆದಿದ್ದರೆ ಟೈ-ಇನ್ ಜಾಗವೇ ಬದಲಾಗುತ್ತದೆ. ಹಳೆ ಐಸೊಲೇಷನ್ ವಾಲ್ವ್ ನಿಜವಾಗಿ ನೀರು ತಡೆಯುತ್ತದಾ ಅಂತಲೂ ಒಮ್ಮೆ ಮುಚ್ಚಿ ನೋಡಿ. ಎಷ್ಟೋ ಕಡೆ ಹ್ಯಾಂಡಲ್ ತಿರುಗುತ್ತದೆ, ನೀರು ನಿಲ್ಲಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಎರಡು ಟೈ-ಇನ್ ನಡುವೆ ಒಂದು ತುಂಡನ್ನಾದರೂ 100-150 ಮಿಮೀ ಹೆಚ್ಚು ಉದ್ದ ಇಟ್ಟು ತರಿಸಿ, ಸೈಟ್‌ನಲ್ಲಿ ಕತ್ತರಿಸಿ ವೆಲ್ಡ್ ಮಾಡುವಂತೆ.

ಸ್ಕ್ಯಾನರ್ ಸೈಟ್‌ನಲ್ಲಿ ಇದ್ದಾಗಲೇ ಹಳೆ ಚಿಲ್ಲರ್ ಹೊರಗೆ ಹೋಗುವ, ಹೊಸದು ಒಳಗೆ ಬರುವ ದಾರಿಯನ್ನೂ ಸ್ಕ್ಯಾನ್ ಮಾಡಿಸಿ. ರ್‍ಯಾಂಪ್ ಶುರುವಾಗುವ ಕಡೆಯ ಬೀಮ್ ಕೆಳಭಾಗ, ಡೋರ್ ಫ್ರೇಮ್, ತಿರುವು, ಎಲ್ಲಾ. ಎತ್ತರ ಲೆಕ್ಕ ಹಾಕುವಾಗ ಕೆಳಗಿನ ಸ್ಕೇಟ್ ರೋಲರ್ ಸೇರಿಸಿ. ರ್‍ಯಾಂಪ್ ತುದಿಯಲ್ಲಿ ಮೆಷಿನ್ ಮೂಗು ಎತ್ತುತ್ತದೆ, ಅದನ್ನೂ ಸೇರಿಸಿ. ಹೊಸ ಚಿಲ್ಲರ್‌ನ ಒಂದು ಬದಿಯಲ್ಲಿ ಒಳಗಿನ ಟ್ಯೂಬ್‌ಗಳನ್ನು ಹೊರಗೆಳೆಯಲು ಹೆಚ್ಚು ಕಡಿಮೆ ಮೆಷಿನ್ ಉದ್ದದಷ್ಟೇ ಖಾಲಿ ಜಾಗ ಬೇಕು. ಕ್ಲೌಡ್‌ನಲ್ಲಿ ಅಲ್ಲಿ ಒಂದು ಬಾಕ್ಸ್ ಇಟ್ಟು ಕ್ಲ್ಯಾಶ್ ನೋಡಿ, ಎಲೆಕ್ಟ್ರಿಕಲ್‌ನವರು ಅಲ್ಲೇ ಪ್ಯಾನೆಲ್ ಇಡುತ್ತಾರೆ, ನೋಡ್ತಾ ಇರಿ.

ಹೆಡರ್ ಫೋಟೊ ಮತ್ತು ಸ್ಕಿಮ್ಯಾಟಿಕ್ ಇಲ್ಲೇ ಹಾಕಿ, ಯಾವ ಯಾವ ಕಡೆ ಇನ್ಸುಲೇಷನ್ ಬಿಚ್ಚಬೇಕು ಅಂತ ಗುರುತು ಹಾಕಿ ಕೊಡುತ್ತೇನೆ. ಸ್ಕ್ಯಾನ್‌ನವರ ಕೊಟೇಶನ್ ಕೂಡ ಹಾಕಿ, ರೇಟ್ ಅಳಿಸಿ ಬೇಕಾದ್ರೆ.