ಶಿವರಾತ್ರಿ ಪಾದಯಾತ್ರೆಗೆ ಕಾರವಾರದಿಂದ ಹೊರಡಬೇಡಿ, ನಾನು ಹೊರಟಿದ್ದೆ

ಮನೆ ಹೊನ್ನಾವರದಲ್ಲಿ, ರಜೆ ಹದಿನಾಲ್ಕು ದಿನ, ಶಿವರಾತ್ರಿಗೆ ನಡೆದು ಧರ್ಮಸ್ಥಳ ಸೇರಬೇಕು. ಕಾರವಾರದಿಂದ ಹೊರಡಲಾ, ಗೋಕರ್ಣದಿಂದಲಾ, ಶಿರಸಿಯಿಂದಲಾ? ನಿಮ್ಮ ಪ್ರಶ್ನೆ ಓದಿ ನಗು ಬಂತು. ನಕ್ಕಿದ್ದು ನಿಮ್ಮನ್ನು ನೋಡಿ ಅಲ್ಲ. 2023ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಒಂದು ವಾರ ಮೊಬೈಲಿನಲ್ಲಿ ಮ್ಯಾಪ್ ಎಳೆದಾಡಿದ್ದೆ.

ನಮ್ಮ ಮನೆ ಕುಮಟಾ ದಾಟಿದ ಮೇಲೆ, ಹೆದ್ದಾರಿಯಿಂದ ಕೂಗಳತೆ ದೂರದಲ್ಲಿ. ಅಲ್ಲಿಂದ ಧರ್ಮಸ್ಥಳ ಹೆಚ್ಚುಕಮ್ಮಿ 240 ಕಿಲೋಮೀಟರ್. ಹದಿನಾಲ್ಕು ದಿನಕ್ಕೆ ಭಾಗಿಸಿದರೆ ದಿನಕ್ಕೆ ಹದಿನೇಳು ಚಿಲ್ಲರೆ. ಇಷ್ಟೇನಾ ಅನ್ನಿಸಿತು. ಅದರ ಜೊತೆ ಪಂಚಕ್ಷೇತ್ರದ ಆಸೆ. ಕಥೆ ನಿಮಗೂ ಗೊತ್ತು. ಗಣಪತಿ ಆತ್ಮಲಿಂಗವನ್ನು ಗೋಕರ್ಣದಲ್ಲಿ ನೆಲಕ್ಕಿಟ್ಟ. ರಾವಣ ಕಿತ್ತರೂ ಬರಲಿಲ್ಲ. ಸಿಟ್ಟಿನಲ್ಲಿ ಅದರ ಸಂಪುಟ ಎಸೆದ, ಅದು ಬಿದ್ದಲ್ಲಿ ಕಾರವಾರದ ಸಜ್ಜೇಶ್ವರ. ಮುಚ್ಚಳ ಬಿದ್ದಲ್ಲಿ ಗುಣವಂತೇಶ್ವರ, ದಾರ ಬಿದ್ದಲ್ಲಿ ಧಾರೇಶ್ವರ, ಹೊದೆಸಿದ ಬಟ್ಟೆ ಬಿದ್ದಲ್ಲಿ ಮುರ್ಡೇಶ್ವರ. ಇವುಗಳಲ್ಲಿ ಮೂರು ನಮ್ಮ ಮನೆಯಿಂದ ದಕ್ಷಿಣಕ್ಕೆ, ಧರ್ಮಸ್ಥಳದ ದಾರಿಯಲ್ಲೇ ಸಿಗುತ್ತವೆ. ಎರಡು ಉತ್ತರಕ್ಕೆ. ಆ ಎರಡನ್ನು ಬಿಡಲಿಕ್ಕೆ ಮನಸ್ಸಾಗದೆ ಧರ್ಮಸ್ಥಳಕ್ಕೆ ಬೆನ್ನು ಹಾಕಿ ಕಾರವಾರದ ಬಸ್ಸು ಹತ್ತಿದೆ.

ಆ ವರ್ಷ ಶಿವರಾತ್ರಿ ಫೆಬ್ರವರಿ 18ಕ್ಕೆ. ನಾನು 5ರ ಬೆಳಗ್ಗೆ ಸಜ್ಜೇಶ್ವರನಿಗೆ ಕೈಮುಗಿದು ಹೊರಟೆ. ಬಿಣಗಾ, ಅರ್ಗಾ, ಅಮದಳ್ಳಿ ದಾಟಿ ಸಂಜೆಗೆ ಅವರ್ಸಾ. ಮೊದಲ ದಿನವೇ 25 ಕಿಲೋಮೀಟರ್ ಹತ್ತಿರ. ಬೆಳಗ್ಗೆ ಹತ್ತರ ಮೇಲೆ ಚತುಷ್ಪಥ ಹೆದ್ದಾರಿಯಲ್ಲಿ ನಡೆಯುವುದೆಂದರೆ ಕಾದ ಕಾವಲಿ ಮೇಲೆ ನಡೆದ ಹಾಗೆ. ನೆರಳು ಅಂತ ಒಂದು ಮರ ಸಿಕ್ಕರೆ ಪುಣ್ಯ. ಇನ್ನೊಂದು ಸಂಗತಿ ನನಗೆ ಮೊದಲು ಗೊತ್ತಿರಲಿಲ್ಲ. ಮಳೆನೀರು ಹರಿಯಲಿ ಅಂತ ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ. ದಿನವಿಡೀ ಒಂದೇ ಅಂಚಿನಲ್ಲಿ ನಡೆದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲೇ ಇರುತ್ತದೆ. ಎರಡನೇ ದಿನಕ್ಕೆ ಸೊಂಟ ಹಿಡಿಯಿತು. ಮೂರನೇ ದಿನ ಗಂಗಾವಳಿ ದಾಟಿ ಗೋಕರ್ಣ ಮುಟ್ಟುವಾಗ ಎರಡೂ ಹಿಮ್ಮಡಿಯಲ್ಲಿ ಬೊಕ್ಕೆ. ನಾಲ್ಕನೇ ದಿನ ಮಿರ್ಜಾನ್ ಮೇಲೆ ಕುಂಟುತ್ತಾ ಕುಮಟೆಗೆ ಬಂದೆ. ಸಂಜೆ ಆರಕ್ಕೆ ನಮ್ಮ ಮನೆ ತಿರುವು.

ಇಲ್ಲೇ ನಾನು ಕೆಟ್ಟಿದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಬೊಕ್ಕೆ ಬಂದಿದ್ದು ತಪ್ಪಲ್ಲ, ಎಲ್ಲರಿಗೂ ಬರುತ್ತದೆ. ಹೆಚ್ಚು ನಡೆದಿದ್ದೂ ದೊಡ್ಡ ತಪ್ಪಲ್ಲ. ದೂರದ ನಡಿಗೆಯಲ್ಲಿ ಮೂರನೇ, ನಾಲ್ಕನೇ ದಿನ ಅತಿ ಕೆಟ್ಟದ್ದು. ಹುರುಪು ಮುಗಿದಿರುತ್ತದೆ, ಮೈ ಇನ್ನೂ ಒಗ್ಗಿರುವುದಿಲ್ಲ. ಆ ರಾತ್ರಿ ಗುರುತಿಲ್ಲದ ಊರಿನ ಛತ್ರದ ಚಾಪೆ ಮೇಲಿದ್ದರೆ ಬೆಳಗ್ಗೆ ಎದ್ದು ನಡೆಯದೆ ಗತಿ ಇಲ್ಲ. ಬೈದುಕೊಂಡಾದರೂ ನಡೆಯುತ್ತೀರಿ. ಐದನೇ ದಿನ ಕಾಲು ತಾನಾಗಿ ದಾರಿಗೆ ಬರುತ್ತದೆ. ನಾನು ಆ ರಾತ್ರಿ ಕಳೆದಿದ್ದು ಎಲ್ಲಿ? ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು. ಗಂಜಿ, ಮೇಲೆ ತುಪ್ಪ, ಮಿಡಿ ಉಪ್ಪಿನಕಾಯಿ. ನನ್ನದೇ ಹಾಸಿಗೆ. ಆಯಿ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, "ಇವತ್ತೊಂದಿನ ಮನಿಕ್ಯ, ನಾಳೆ ಹೋಗಲಕ್ಕು" ಅಂದಳು.

ಮರುದಿನವೂ ಅದನ್ನೇ ಅಂದಳು. ಅದರ ಮರುದಿನ ಅವಳು ಹೇಳುವುದೂ ಬೇಕಾಗಲಿಲ್ಲ. ನಾನೇ ಹೇಳಿಕೊಂಡೆ. ಪಕ್ಕದ ಮನೆಯ ಅಜ್ಜ ಬೇಲಿ ಆಚೆಯಿಂದ, "ಬೇಗ ಮುಗೀತಲ್ಲ ಮಾರಾಯಾ" ಅಂತ ಕೇಳಿದರು. ಹೊರಡುವ ದಿನ ಕೈಗೆ ತೆಂಗಿನಕಾಯಿ ಕೊಟ್ಟು ಕಳಿಸಿದ್ದು ಅವರೇ. ಮೂರು ದಿನ ನಾನು ಅಂಗಳಕ್ಕೂ ಇಳಿಯಲಿಲ್ಲ.

12ಕ್ಕೆ ಮತ್ತೆ ಹೊರಟೆ. ಉಳಿದಿದ್ದು ಏಳು ದಿನ, ದೂರ ಅದೇ 240. ಆಗುವ ಮಾತಲ್ಲ. ಕುಂದಾಪುರದ ತನಕ ನಡೆದೆ, ಅಲ್ಲಿಂದ ಬಸ್ಸು. ಪೂರ್ತಿ ಬಸ್ಸಲ್ಲೇ ಹೋಗಲು ನಾಚಿಕೆಯಾಗಿ ಉಜಿರೆಯಲ್ಲಿ ಇಳಿದು ಕೊನೆಯ ಒಂಬತ್ತು ಕಿಲೋಮೀಟರ್ ಕಾಲೆಳೆದೆ. ಹಾಸನ, ಚಿಕ್ಕಮಗಳೂರು, ಬೆಂಗಳೂರು ಕಡೆಯ ಪಾದಯಾತ್ರಿಗಳು ಚಾರ್ಮಾಡಿ ಘಾಟಿ ಇಳಿದು ಬಂದು ಸೇರುವುದೂ ಅಲ್ಲೇ. ರಸ್ತೆ ಬದಿಯಲ್ಲಿ ಮಜ್ಜಿಗೆ ಹಂಚುತ್ತಿದ್ದವರೊಬ್ಬರು, "ನೀವು ಎಲ್ಲಿಂದ ಬರುವುದು?" ಅಂತ ಕೇಳಿದರು. "ಕಾರವಾರದಿಂದ" ಅಂದೆ. ಅವರು ಕಣ್ಣರಳಿಸಿ ಎರಡನೇ ಲೋಟ ತುಂಬಿಸಿದರು. ಬೇಡ ಅನ್ನಬಹುದಿತ್ತು. ಕುಡಿದೆ.

ಈಗ ನಿಮ್ಮ ವಿಷಯ. ಹೆದ್ದಾರಿ ಹಿಡಿದರೆ ಕಾರವಾರದ ದಾರಿಯೂ ಹೊನ್ನಾವರದ ಮೇಲೇ ಬರುತ್ತದೆ, ಗೋಕರ್ಣದ್ದೂ ಅಷ್ಟೇ. ಶಿರಸಿಯಿಂದ ದೇವಿಮನೆ ಘಾಟಿ ಇಳಿದು ಕುಮಟೆಗೆ ಬಂದರೆ ಅದೂ ನಿಮ್ಮ ಮನೆ ಬುಡಕ್ಕೇ. ಲೆಕ್ಕ ಹಾಕಿ ನೋಡಿ, ಮೂರರಿಂದ ಐದನೇ ದಿನದೊಳಗೆ ನಿಮ್ಮ ಮನೆ. ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೊರಡುವ ಊರನ್ನು ಬಿಡಿ, ನಾಲ್ಕನೇ ರಾತ್ರಿ ಎಲ್ಲಿ ಮಲಗುತ್ತೀರಿ ಅದನ್ನು ನೋಡಿ. ನಿಮ್ಮ ಮನೆ ಹೊಸಿಲಿನಿಂದಲೇ ಹೊರಟರೆ ಸುಮಾರು 220 ಕಿಲೋಮೀಟರ್. ನಾಲ್ಕನೇ ರಾತ್ರಿಗೆ ಬೈಂದೂರು ಆಸುಪಾಸು ಇರುತ್ತೀರಿ, ಅಲ್ಲಿ ನಿಮ್ಮ ಆಯಿ ಇರುವುದಿಲ್ಲ.

ಕಡಿಮೆ ಅನ್ನಿಸಿದರೆ ಇಡಗುಂಜಿ ಗಣಪತಿಯನ್ನು ಸೇರಿಸಿಕೊಳ್ಳಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಸಜ್ಜೇಶ್ವರ, ಗೋಕರ್ಣ, ಧಾರೇಶ್ವರ ನಿಮಗೆ ಉತ್ತರಕ್ಕೆ, ಹಿಂದಿನ ಭಾನುವಾರ ಬಸ್ಸಿನಲ್ಲಿ ಮುಗಿಸಿ. ಬಸ್ಸಲ್ಲಿ ಬಂದವನಿಗೇನು ಮಹಾಬಲೇಶ್ವರ ಮುಖ ತಿರುಗಿಸುತ್ತಾನಾ?

ಶಿರಸಿ ಬಗ್ಗೆ ಒಂದು ಮಾತು. ಘಟ್ಟ ಇಳಿಯದೆ ಸಿದ್ದಾಪುರ, ಸಾಗರ, ತೀರ್ಥಹಳ್ಳಿ, ಶೃಂಗೇರಿ, ಕಳಸ ಅಂತ ಮೇಲೇ ಹೋದರೆ ದಾರಿ ತಂಪು, ಮನೆಯೂ ಅಡ್ಡ ಬರುವುದಿಲ್ಲ. ಆದರೆ ದೂರ 300ರ ಮೇಲೆ, ಕೊನೆಗೆ ಚಾರ್ಮಾಡಿ ಇಳಿಯುವಾಗ ಮಂಡಿ ಮಾತಾಡುತ್ತದೆ. ಮೊದಲ ಸಲಕ್ಕೆ ಬೇಡ.

ಕರಾವಳಿ ದಾರಿಯಲ್ಲಿ ಬೆಳಗ್ಗೆ ನಾಲ್ಕೂವರೆಗೆ ಎದ್ದು ಹೊರಡಿ, ಹತ್ತೂವರೆಗೆ ನಿಲ್ಲಿಸಿಬಿಡಿ. ಎದುರು ಬರುವ ಗಾಡಿ ಕಾಣುವ ಹಾಗೆ ಬಲಗಡೆ ನಡೆಯಿರಿ. ಹೊಸ ಶೂ ಬೇಡವೇ ಬೇಡ.

ನಾನು 2024ರಲ್ಲಿ ಮತ್ತೆ ಹೋದೆ. ಶಿವರಾತ್ರಿ ಮಾರ್ಚ್ 8ಕ್ಕಿತ್ತು, ಫೆಬ್ರವರಿ 24ಕ್ಕೆ ಮನೆಯಿಂದಲೇ ಹೊರಟೆ. ಧಾರೇಶ್ವರ, ಗುಣವಂತೆ, ಮುರ್ಡೇಶ್ವರ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸೌಪರ್ಣಿಕಾ ಇರುವ ಮರವಂತೆ, ಉಡುಪಿ, ಕಾರ್ಕಳ, ನಾರಾವಿ, ಗುರುವಾಯನಕೆರೆ. ನಾಲ್ಕನೇ ದಿನ ಇನ್ನಿಲ್ಲದಷ್ಟು ಅಳು ಬಂತು, ಆದರೆ ಹೋಗಲು ಮನೆ ಇರಲಿಲ್ಲ. ಹದಿಮೂರನೇ ದಿನ ಉಜಿರೆ. ಅದೇ ಜಾಗದಲ್ಲಿ ಮಜ್ಜಿಗೆ, ಬಹುಶಃ ಅದೇ ಮನುಷ್ಯ. ಎಲ್ಲಿಂದ ಅಂತ ಕೇಳಿದರು. ಈ ಸಲ ಎದೆ ಉಬ್ಬಿಸಿ ಕುಮಟೆಯಿಂದ ಅಂದೆ.

"ಅಷ್ಟೇಯಾ?" ಅಂದರು. "ಹೋದ ವರ್ಷ ಒಬ್ಬರು ಕಾರವಾರದಿಂದ ಬಂದಿದ್ದರು ಮಾರಾಯ್ರೇ."